ಒಬ್ಬನೇ ಒಡೆಯ ಅಂದ ಮೇಲೆ ಮಿಕ್ಕ ಒಡೆಯರು ಯಾಕೆ?



ನಮ್ಮ ಸಭೆಗಳಲ್ಲಿ ಒಂದು ಜಗಳ ಪದೇ ಪದೇ ಏಳುತ್ತಿದೆ. ಕೇರಿಯಲ್ಲಿ ಯೇಸುವನ್ನು ನಂಬಿದವರು ಸಭೆಗೆ ಬರುತ್ತಾರೆ, ಹಿಂದೆ ಕೂರುತ್ತಾರೆ, ಧಿಕ್ಕಾರ ಕೂಗುವಾಗ ಎಲ್ಲರಂತೆ ಕೈ ಎತ್ತುತ್ತಾರೆ. ಅವರು ಎದ್ದು ಹೋದ ಮೇಲೆ ನಮ್ಮಲ್ಲೇ ಕೆಲವರು ನಗುತ್ತಾರೆ. ಊರ ಗೌಡನ ಕಾಲು ಬಿಟ್ಟರು, ಆಕಾಶದ ಗೌಡನ ಕಾಲು ಹಿಡಿದರು ಅಂತ. ಮಾತು ಚುರುಕಾಗಿದೆ, ಚಪ್ಪಾಳೆನೂ ಬೀಳುತ್ತೆ. ಆದರೆ ಚಪ್ಪಾಳೆ ಬಿದ್ದ ಮಾತೆಲ್ಲ ನಿಜ ಆಗಬೇಕಿಲ್ಲ. ನಾನು ದೇವರ ಅಧಿಕಾರದ ಕೆಳಗೆ ಬದುಕುತ್ತೇನೆ ಅಂತ ಒಬ್ಬ ದಲಿತ ಹೇಳಿದರೆ ಅದು ಇನ್ನೊಂದು ಜೀತವೋ, ಇರುವ ಜೀತದ ಬುಡಕ್ಕೆ ಬಿದ್ದ ಕೊಡಲಿಯೋ? ಇದನ್ನು ಒಂದು ನಗೆಯಲ್ಲಿ ತೀರಿಸಿಬಿಡೋಕೆ ಆಗಲ್ಲ. ಈ ಪತ್ರಿಕೆ ತರುವ ನಮ್ಮಲ್ಲಿ ನಂಬುವವರೂ ಇದ್ದೇವೆ, ನಂಬದವರೂ ಇದ್ದೇವೆ. ಬರೆಯುವಾಗ ಜಗಳವಾಡಿಕೊಂಡೇ ಬರೆದಿದ್ದೇವೆ.

ಮೊದಲು ಮಾತನ್ನೇ ಹಿಡಿಯೋಣ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ದುಡಿದು 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಕೇರಿಯ ಮನೆಗಳ ಗೂಡಿನಲ್ಲಿರುವ 'ಸತ್ಯವೇದ' ತೆರೆದರೆ ದೇವರಿಗೆ ಕರ್ತ ಅಂತ, ಒಡೆಯ ಅಂತ ಹೆಸರು. ನಂಬಿದವನಿಗೆ ದಾಸ ಅಂತ ಹೆಸರು. ಒಡೆಯ ಅಂದ ಕೂಡಲೆ ನಮಗೆ ಯಾರು ಜ್ಞಾಪಕಕ್ಕೆ ಬರ್ತಾರೆ? ಹೊಲದ ಒಡೆಯ. ನಮ್ಮಪ್ಪಂದಿರು ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ಬಗ್ಗಿಸಿ, ಬುದ್ಧೀ ಅಂತ ಜಗಲಿಯ ಕೆಳಗೆ ನಿಂತದ್ದು ಜ್ಞಾಪಕಕ್ಕೆ ಬರುತ್ತೆ. ಆದರೆ ದಾಸ ಅಂದಾಗ ಹಾಗಾಗಲ್ಲ. ತಂಬೂರಿ ಕೇಳಿಸುತ್ತೆ, ಗೆಜ್ಜೆ ಕೇಳಿಸುತ್ತೆ. ಒಡೆಯ ಕನ್ನಡಕ್ಕೆ ಬಂದಾಗ ಒಡೆಯನಾಗೇ ಉಳಿದ. ಗುಲಾಮ ಮಾತ್ರ ಕನ್ನಡಕ್ಕೆ ಬಂದಾಗ ಹಾಡುಗಾರನಾಗಿಬಿಟ್ಟ!

ಗ್ರೀಕ್ ಮೂಲದಲ್ಲಿ ಆ ಮಾತು 'ದೂಲೋಸ್'. ದುಡ್ಡು ಕೊಟ್ಟು ಕೊಂಡ ಆಳು ಅಂತ ಅರ್ಥ. ಒಡೆಯನಿಗೆ 'ಕುರಿಯೋಸ್'. ಆಳನ್ನು ಕೊಂಡವನೂ ಕುರಿಯೋಸ್, ರೋಮಿನ ಚಕ್ರವರ್ತಿಯೂ ಕುರಿಯೋಸ್. ಆ ಕಾಲದ ಬಡ ಕ್ರೈಸ್ತರು ಇದೇ ಪದವನ್ನು ಎತ್ತಿಕೊಂಡು ಯಾರಿಗೆ ಕೊಟ್ಟರು ನೋಡಿ. ಶಿಲುಬೆಗೆ ಹಾಕಿಸಿಕೊಂಡು ಸತ್ತ ಒಬ್ಬ ಬಡಗಿಗೆ. ಶಿಲುಬೆ ಅಂದರೆ ಈಗಿನ ಹಾಗೆ ಕೊರಳಿನ ಚಿನ್ನದ ಸರ ಆಗಿರಲಿಲ್ಲ. ರೋಮಿನವರು ಗುಲಾಮರಿಗೂ ದಂಗೆ ಎದ್ದವರಿಗೂ ಇಟ್ಟುಕೊಂಡಿದ್ದ ಶಿಕ್ಷೆ ಅದು. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ, ಊರ ಮುಂದೆ ಕಂಬಕ್ಕೆ ಕಟ್ಟಿ ಹೊಡೆಸಿಕೊಂಡು ಸತ್ತ ನಮ್ಮವನೊಬ್ಬನನ್ನು ತೋರಿಸಿ, ಇವನೇ ನಮ್ಮ ದೊರೆ, ಜಗಲಿ ಮೇಲೆ ಕೂತಿರೋನು ಅಲ್ಲ ಅಂದ ಹಾಗೆ. ಹಾಗಂದವರನ್ನು ಚಕ್ರವರ್ತಿ ಸುಮ್ಮನೆ ಬಿಡ್ತಾನಾ? ಬಿಡಲಿಲ್ಲ. ದೇವರೊಬ್ಬನೇ ಒಡೆಯ ಅನ್ನುವ ಮಾತು ಹುಟ್ಟಿದ್ದು ಹೀಗೆ, ಇನ್ನೊಬ್ಬ ಒಡೆಯನಿಗೆ ಎದುರಾಗಿ. ಯಾರಿಗೆ ಎದುರು ಅನ್ನುವುದನ್ನು ತೆಗೆದುಹಾಕಿ ಬರೀ ವಿಧೇಯತೆ ಉಳಿಸಿಕೊಂಡರೆ ಆ ಮಾತು ಪೊಳ್ಳು.

ಹಳೆಯ ಭಾಗಕ್ಕೆ ಹೋದರೆ ಇದು ಇನ್ನೂ ಗಟ್ಟಿಯಾಗಿದೆ. ಈಜಿಪ್ಟಿನಲ್ಲಿ ಇಟ್ಟಿಗೆ ಹೊಡೆಯುವ ಗುಲಾಮರ ಪರವಾಗಿ ಮೋಶೆ ಫರೋಹನ ಮುಂದೆ ಹೋಗಿ ನಿಲ್ಲುತ್ತಾನೆ. ಏನು ಕೇಳ್ತಾನೆ? ಮೂರು ದಿನ ಬಿಡುವು. ನಮ್ಮ ದೇವರಿಗೆ ಹಬ್ಬ ಮಾಡಬೇಕು, ಬಿಡು ಅಂತ. ಫರೋಹನ ಉತ್ತರ ನಮ್ಮ ಯಾವ ಜಮೀನ್ದಾರನ ಬಾಯಲ್ಲಾದರೂ ಬರಬಹುದು. ನಿಮ್ಮ ದೇವರು ಯಾವನು, ನಾನು ಯಾಕೆ ಅವನ ಮಾತು ಕೇಳಬೇಕು, ನೀವು ಮೈಗಳ್ಳರು, ಅದಕ್ಕೇ ಹಬ್ಬದ ನೆವ ಅನ್ನುತ್ತಾನೆ. ಅವತ್ತಿನಿಂದ ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡೋದು ನಿಲ್ಲಿಸಿದ. ಹುಲ್ಲು ನೀವೇ ಆರಿಸಿಕೊಂಡು ಬನ್ನಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು. ಮೇಸ್ತ್ರಿಗಳನ್ನು ಹಿಡಿದು ಹೊಡೆಸಿದ. ಜೀತದಾಳು ಜ್ವರ ಬಂದು ಮಲಗಿದರೆ ಆ ದಿನದ ಲೆಕ್ಕ ಸಾಲಕ್ಕೆ ಸೇರಿಸುತ್ತಿದ್ದ ನಮ್ಮ ಊರುಗಳ ಧಣಿಗಳಿಗೂ ಇವನಿಗೂ ಏನು ವ್ಯತ್ಯಾಸ? ಆ ಕತೆಗೂ ಮೊದಲು ಇಬ್ಬರು ಸೂಲಗಿತ್ತಿಯರು ಬರುತ್ತಾರೆ, ಶಿಪ್ರಾ ಮತ್ತು ಪೂಗಾ. ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಅಂತ ರಾಜಾಜ್ಞೆ. ಅವರು ಕೊಲ್ಲಲಿಲ್ಲ. ದೇವರಿಗೆ ಹೆದರಿದ್ದಕ್ಕೆ ರಾಜನಿಗೆ ಹೆದರಲಿಲ್ಲ. ರಾಜ ಕರೆದು ಕೇಳಿದರೆ ಸುಳ್ಳೂ ಹೇಳಿದರು, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗೋದರೊಳಗೆ ಹೆತ್ತುಬಿಟ್ಟಿರುತ್ತಾರೆ ಅಂತ. ಕೇರಿಯ ಸೂಲಗಿತ್ತಿಯರನ್ನು ಬಲ್ಲವರಿಗೆ ಈ ಸುಳ್ಳಿನ ರುಚಿ ಗೊತ್ತಾಗುತ್ತೆ. ಈ ರಾಜನ ಹೆಸರೇನು ಅಂತ ಆ ಪುಸ್ತಕ ಹೇಳೋದಿಲ್ಲ. ಸೂಲಗಿತ್ತಿಯರ ಹೆಸರು ಮಾತ್ರ ಇದೆ.

ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಮೇಲೆ ಆ ದೇವರು ಕೊಟ್ಟ ಆಜ್ಞೆಗಳಲ್ಲಿ ಒಂದು ರಜೆಯ ಆಜ್ಞೆ. ವಾರಕ್ಕೆ ಒಂದು ದಿನ ನೀನೂ ಕೆಲಸ ಮಾಡಬಾರದು, ನಿನ್ನ ಆಳೂ ಮಾಡಬಾರದು, ಎತ್ತೂ ಕತ್ತೆಯೂ ಮಾಡಬಾರದು. ಯಾಕೆ ಅಂದರೆ ನೀನೇ ಒಂದು ಕಾಲದಲ್ಲಿ ಗುಲಾಮನಾಗಿದ್ದೆ. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡೋದಿಲ್ಲ, ಬಸವನ ದಿನ ಅಂತ. ಒಳ್ಳೆಯ ಪದ್ಧತಿ. ಆದರೆ ಆ ಸೋಮವಾರ ಜೀತದ ಹುಡುಗ ಏನು ಮಾಡುತ್ತಿದ್ದ? ಆ ಎತ್ತಿಗೆ ಹುಲ್ಲು ಕೊಯ್ಯುತ್ತಿದ್ದ, ಕೊಟ್ಟಿಗೆ ಬಾಚುತ್ತಿದ್ದ. ಎತ್ತಿಗೆ ದೇವರಿದ್ದ, ಹುಡುಗನಿಗೆ ಇರಲಿಲ್ಲ. ಜೀತವನ್ನು ನಿಲ್ಲಿಸುವ ಕಾನೂನು ಈ ದೇಶಕ್ಕೆ ಬಂದದ್ದು 1976ರಲ್ಲಿ. ಅದಕ್ಕೆ ಎಷ್ಟೋ ಶತಮಾನ ಮೊದಲೇ, ಆಳಿನ ಮೈಮೇಲೆ ಧಣಿಗೆ ವಾರಪೂರ್ತಿ ಹಕ್ಕಿಲ್ಲ ಅಂತ ಒಂದು ಅಧಿಕಾರ ಹೇಳಿತ್ತು ಅನ್ನೋದನ್ನು ನಾವು ಸಣ್ಣದು ಅಂತ ತಳ್ಳಿಹಾಕುವುದಿಲ್ಲ. ಭಾನುವಾರ ನಾನು ಕೂಲಿಗೆ ಬರಲ್ಲ ಅಂತ ಕೇರಿಯ ಹೆಂಗಸೊಬ್ಬಳು ಹೇಳಿದಾಗ ಗೌಡನ ಮುಖ ಸಿಂಡರಿಸುವುದು ಯಾಕೆ ಅಂತ ಯೋಚಿಸಿ. ಅವಳು ಯಾವ ದೇವರಿಗೆ ಹೋಗ್ತಾಳೆ ಅನ್ನೋ ಚಿಂತೆ ಅವನಿಗಿಲ್ಲ. ತನ್ನ ಮೇಲೆ ಇನ್ನೊಬ್ಬ ಇದ್ದಾನೆ ಅಂತ ಅವಳು ಹೇಳಿದಳಲ್ಲ, ಉರಿ ಅದರದ್ದು.

ಹಾಗಂತ ಆ ಪುಸ್ತಕ ಪೂರ್ತಿ ನಮ್ಮ ಪರ ಅಂತ ನಾವು ಹೇಳೋದಿಲ್ಲ. ಅದೇ ಧರ್ಮಶಾಸ್ತ್ರದಲ್ಲಿ ಪರದೇಶದವರನ್ನು ಗುಲಾಮರಾಗಿ ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಅಂತಲೂ ಇದೆ. ಕಾನಾನಿನವರ ಊರುಗಳನ್ನು ದೇವರ ಹೆಸರಿನಲ್ಲಿ ಸುಟ್ಟದ್ದೂ ಇದೆ. ಪೌಲನ ಪತ್ರಗಳಲ್ಲಿ ದಾಸರಿಗೆ ಒಡೆಯರ ಮಾತು ಕೇಳಿ ಅನ್ನುವ ಬುದ್ಧಿವಾದ ಇದೆ. ಒನೇಸಿಮ ಅನ್ನುವ ಗುಲಾಮನನ್ನು ಪೌಲ ಅವನ ಒಡೆಯನ ಹತ್ತಿರಕ್ಕೇ ವಾಪಸು ಕಳಿಸುತ್ತಾನೆ. ಗುಲಾಮನಾಗಿ ಅಲ್ಲ, ತಮ್ಮನಾಗಿ ಸೇರಿಸಿಕೋ ಅಂತ ಕಾಗದ ಕೊಟ್ಟು ಕಳಿಸುತ್ತಾನೆ ನಿಜ. ಆದರೆ ಕಳಿಸಿದ್ದು ಕಳಿಸಿದ್ದೇ. ಆ ಕಾಗದ ಹಿಡಿದು ದಾರಿ ನಡೆದ ಒನೇಸಿಮನ ಎದೆ ಹೇಗೆ ಹೊಡೆದುಕೊಂಡಿತ್ತು ಅಂತ ಯಾವ ಸಭಾಪಾಲಕರೂ ಪ್ರಸಂಗ ಮಾಡಿದ್ದನ್ನು ನಾವು ಕೇಳಿಲ್ಲ.

ದೇವರ ಅಧಿಕಾರದ ಹೆಸರಲ್ಲಿ ಯಾವ ಪುಟ ಓದಬೇಕು, ಯಾವ ಪುಟ ಮುಚ್ಚಬೇಕು ಅಂತ ತೀರ್ಮಾನ ಮಾಡುವವನ ಕೈಯಲ್ಲೇ ನಿಜವಾದ ಅಧಿಕಾರ ಇರುತ್ತೆ. ಇದಕ್ಕೆ ಸಾಕ್ಷಿ ಬೇಕಾದರೆ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲ್ ಇದೆ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಕರಿಯ ಗುಲಾಮರಿಗಾಗಿ ಆರಿಸಿ ಮಾಡಿದ್ದು. ಆರಿಸಿದ್ದು ಅಂದರೆ ಕತ್ತರಿಸಿದ್ದು. ಹಳೆ ಒಡಂಬಡಿಕೆಯ ಹತ್ತರಲ್ಲಿ ಒಂಬತ್ತು ಪಾಲು ಅದರಲ್ಲಿಲ್ಲ. ಹೊಸದರಲ್ಲಿ ಅರ್ಧ ಇಲ್ಲ. ಈಜಿಪ್ಟಿನಿಂದ ಗುಲಾಮರು ಬಿಡಿಸಿಕೊಂಡು ಹೊರಟ ಕತೆಗೆ ಕತ್ತರಿ. ದಾಸರೇ ಒಡೆಯರಿಗೆ ವಿಧೇಯರಾಗಿರಿ ಅನ್ನುವ ಪೌಲನ ಮಾತು ಮಾತ್ರ ಭದ್ರ. ಕತ್ತರಿ ಹಿಡಿದವರಿಗೆ ಆ ಪುಸ್ತಕದ ಶಕ್ತಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಬುದ್ಧಿಜೀವಿ ಗೆಳೆಯರಿಗಿಂತ ಚೆನ್ನಾಗಿ ಗೊತ್ತಿತ್ತು ಅಂತ ಬೇಕಾದರೂ ಹೇಳಬಹುದು.

ಇದಕ್ಕೆ ಉತ್ತರ ಕೊಟ್ಟವಳು ಒಬ್ಬ ಅಜ್ಜಿ. ಅಮೆರಿಕದ ಕರಿಯ ಚಿಂತಕ ಹೊವರ್ಡ್ ಥರ್ಮನ್ 1949ರಲ್ಲಿ ಯೇಸು ಮತ್ತು ನೆಲೆ ಕಳೆದುಕೊಂಡವರ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ತಮ್ಮ ಅಜ್ಜಿಯ ವಿಷಯ ಹೇಳುತ್ತಾರೆ. ಆಕೆ ಗುಲಾಮಳಾಗಿ ಹುಟ್ಟಿದವಳು, ಓದು ಬಾರದವಳು. ಮೊಮ್ಮಗ ಬೈಬಲ್ ಓದಿ ಹೇಳಬೇಕಿತ್ತು. ಆದರೆ ಪೌಲನ ಪತ್ರಗಳನ್ನು ಮಾತ್ರ, ಪ್ರೀತಿಯ ಬಗೆಗಿನ ಒಂದು ಅಧ್ಯಾಯ ಬಿಟ್ಟು, ಓದಗೊಡುತ್ತಿರಲಿಲ್ಲ. ಯಾಕಜ್ಜಿ ಅಂತ ದೊಡ್ಡವನಾದ ಮೇಲೆ ಕೇಳಿದ. ಧಣಿಯ ಕಾಲದಲ್ಲಿ ಬಿಳಿಯ ಪಾದ್ರಿ ಬಂದು ಗುಲಾಮರಿಗೆ ಪ್ರಸಂಗ ಮಾಡುತ್ತಿದ್ದ, ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಒಡೆಯರಿಗೆ ವಿಧೇಯರಾಗಿರಿ ಅನ್ನುವ ಅದೇ ಮಾತು. ನನಗೆ ಬಿಡುಗಡೆ ಸಿಕ್ಕಿ ಓದು ಬಂದರೆ ಆ ಭಾಗ ಓದುವುದಿಲ್ಲ ಅಂತ ದೇವರಿಗೇ ಮಾತು ಕೊಟ್ಟಿದ್ದೆ ಅಂದಳಂತೆ. ಎಂಥ ಹೆಂಗಸು! ಆಕೆ ದೇವರನ್ನು ಬಿಡಲಿಲ್ಲ. ಪಾದ್ರಿಯ ಬಾಯಿಂದ ದೇವರನ್ನು ಕಿತ್ತುಕೊಂಡಳು. ದೇವರಿಗೆ ವಿಧೇಯಳಾಗಿದ್ದುಕೊಂಡೇ ದೇವರ ಪುಸ್ತಕದ ಪುಟವನ್ನು ಮುಚ್ಚಿದಳು. ಈ ಥರ್ಮನ್ 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧಿಯನ್ನು ಭೇಟಿಯಾಗಿ ಹೋದವರು. ಅವರ ಪುಸ್ತಕ ಓದಿ ಬೆಳೆದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಇಂಡಿಯಾಕ್ಕೆ ಬಂದಾಗ ಕೇರಳದ ಒಂದು ಶಾಲೆಯಲ್ಲಿ, ಅಸ್ಪೃಶ್ಯರ ಮಕ್ಕಳ ಮುಂದೆ, ಅಮೆರಿಕದಿಂದ ಬಂದ ನಮ್ಮ ಹಾಗೇ ಒಬ್ಬ ಅಸ್ಪೃಶ್ಯ ಅಂತ ಅವರನ್ನು ಪರಿಚಯ ಮಾಡಿಕೊಟ್ಟರು. ಮೊದಲು ಸಿಟ್ಟು ಬಂತು, ಆಮೇಲೆ ಹೌದಲ್ಲ ಅನ್ನಿಸಿತು ಅಂತ ಕಿಂಗ್ ತಮ್ಮ ಜನಕ್ಕೆ ಹೇಳಿದರು.

ಪೌಲನ ಇನ್ನೊಂದು ಅಧ್ಯಾಯ ಇದೆ. ರೋಮಿನವರಿಗೆ ಬರೆದದ್ದರ 13ನೆಯದು. ಇರುವ ಅಧಿಕಾರಗಳೆಲ್ಲ ದೇವರಿಂದಲೇ ಬಂದವು, ಎದುರು ಹಾಕಿಕೊಳ್ಳಬೇಡಿ ಅನ್ನುವ ಧಾಟಿಯದು. ದಕ್ಷಿಣ ಆಫ್ರಿಕಾದ ಬಿಳಿಯ ಸರ್ಕಾರಕ್ಕೆ ಈ ಅಧ್ಯಾಯ ಅಂದರೆ ಪ್ರಾಣ. ಅವರ 1983ರ ಸಂವಿಧಾನದ ಪೀಠಿಕೆ ಶುರುವಾಗುವುದೇ ಸರ್ವಶಕ್ತ ದೇವರಿಗೆ ತಲೆಬಾಗಿ. ಕರಿಯರಿಗೆ ಓಟಿಲ್ಲದ ಸಂವಿಧಾನಕ್ಕೆ ದೇವರ ಸಹಿ! ಅಲ್ಲಿಯ ಡಚ್ ರಿಫಾರ್ಮ್ಡ್ ಚರ್ಚು 1857ರಲ್ಲೇ ಒಂದು ಠರಾವು ಮಾಡಿತ್ತು. ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಮಾಡೋದೇ ಸರಿ, ಆದರೆ ಕೆಲವರ ಬಲಹೀನತೆಯಿಂದಾಗಿ ಬೇರೆ ಬೇರೆ ಕೂರಬಹುದು ಅಂತ. ಬಲಹೀನತೆ ಅಂದರೆ ಏನು ಅಂತೀರಿ, ಬಿಳಿಯರಿಗೆ ಕರಿಯರ ಪಕ್ಕ ಕೂರೋಕೆ ಆಗಲ್ಲ ಅನ್ನೋದು. ಕಾಯಿಲೆ ಅವರದು, ಹೊರಗೆ ಕೂತವರು ಇವರು. ಕೊನೆಗೆ 1985ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕರಿಯ ಪಾದ್ರಿಗಳೂ ಕಾರ್ಯಕರ್ತರೂ ಸೇರಿ 'ಕೈರೋಸ್ ದಾಖಲೆ' ಹೊರತಂದರು. ದೊಡ್ಡ ಗ್ರಂಥ ಏನಲ್ಲ, ನಮ್ಮದರಂತೆ ಕೈಯಿಂದ ಕೈಗೆ ಹೋದ ಸಣ್ಣ ಹೊತ್ತಗೆ. 13ನೆಯ ಅಧ್ಯಾಯವನ್ನು ನಮ್ಮ ಮುಂದೆ ಹಿಡಿಯುತ್ತೀರಲ್ಲ, ಅದೇ ಬೈಬಲ್ಲಿನ ಪ್ರಕಟನೆಯ 13ನೆಯ ಅಧ್ಯಾಯವನ್ನೂ ಓದಿ ಅಂತ ತೋರಿಸಿದರು. ಅಲ್ಲಿ ಸಾಮ್ರಾಜ್ಯ ಅನ್ನೋದು ಸಮುದ್ರದಿಂದ ಎದ್ದು ಬಂದ ಮೃಗ. ಸರ್ಕಾರ ದೇವರ ಆಳು, ಆಳು ಹಾದಿ ತಪ್ಪಿದರೆ ಅವನ ಮಾತು ಕೇಳಬೇಕಾದ ಋಣ ಯಾರಿಗೂ ಇಲ್ಲ ಅನ್ನುವುದು ಅವರ ವಾದದ ತಿರುಳು. ಪ್ರಭುತ್ವವನ್ನು ಎದುರಿಸುವುದು ಪಾಪ ಅಂತ ಶತಮಾನದಿಂದ ಕೇಳಿಸಿಕೊಂಡ ಜನ, ಎದುರಿಸದೆ ಇರುವುದೇ ಪಾಪ ಅನ್ನುವಲ್ಲಿಗೆ ಬಂದು ನಿಂತರು.

ಆ 1985 ನಮಗೂ ಬೇರೆ ಕಾರಣಕ್ಕೆ ಮರೆಯುವ ವರ್ಷ ಅಲ್ಲ. ಜುಲೈ 17ರಂದು ಆಂಧ್ರದ ಕಾರಂಚೇಡಿನಲ್ಲಿ ಮೇಲ್ಜಾತಿಯ ಭೂಮಾಲೀಕರು ಮಾದಿಗರ ಕೇರಿಗೆ ನುಗ್ಗಿ ಅಟ್ಟಿಸಿಕೊಂಡು ಹೋಗಿ 6 ಜನರನ್ನು ಕೊಂದರು. ಸತ್ತವರ ಪಟ್ಟಿಯಲ್ಲಿ ಮೋಶೆ ಅನ್ನುವ ಹೆಸರಿದೆ. ಕೊಡಲಿ ಎತ್ತಿದವನು ನಿನಗೆ ದೀಕ್ಷಾಸ್ನಾನ ಆಗಿದೆಯಾ ಅಂತ ಕೇಳಲಿಲ್ಲ. ಇದಾಗಿ ಎರಡೂವರೆ ತಿಂಗಳು ಕಳೆದಿರಲಿಲ್ಲ, ಸೆಪ್ಟೆಂಬರ್ 30ಕ್ಕೆ ದೆಹಲಿಯ ಸುಪ್ರೀಂ ಕೋರ್ಟು ಸೂಸೈ ಮೊಕದ್ದಮೆಯ ತೀರ್ಪು ಕೊಟ್ಟಿತು. ಸೂಸೈ ಮದರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದವರು. ಆದಿ ದ್ರಾವಿಡ, ಕ್ರೈಸ್ತ. ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು, ಅವರಿಗೆ ಕೊಡಲಿಲ್ಲ. 1950ರ ರಾಷ್ಟ್ರಪತಿ ಆದೇಶದ 3ನೆಯ ಪ್ಯಾರಾ ಪ್ರಕಾರ ಕ್ರೈಸ್ತ ಪರಿಶಿಷ್ಟ ಜಾತಿಯವನಲ್ಲ. ಧರ್ಮ ಬದಲಾದ ಮೇಲೂ ಜಾತಿ ಉಳಿದಿದೆ ಅಂತ ತೋರಿಸಿದರೆ ಸಾಲದು, ಹಿಂದೂ ಸಮಾಜದಲ್ಲಿದ್ದ ಅಷ್ಟೇ ಕಷ್ಟ ಅಲ್ಲಿಯೂ ಇದೆ ಅಂತ ಸಾಬೀತು ಮಾಡಬೇಕು ಅಂತ ಕೋರ್ಟು ಅಂದಿತು. ಕಾರಂಚೇಡಿನ ರಕ್ತ ಆರುವುದರೊಳಗೆ!

ಈ ಆದೇಶ 1956ರಲ್ಲಿ ಸಿಖ್ಖರಿಗೆ ಬಾಗಿಲು ತೆರೆಯಿತು, 1990ರಲ್ಲಿ ಬೌದ್ಧರಿಗೆ ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ರಂಗನಾಥ ಮಿಶ್ರ ಆಯೋಗ 2007ರಲ್ಲಿ ಆ ಪ್ಯಾರಾ ತೆಗೆದುಹಾಕಿ ಅಂದಿತು, ತೆಗೆಯಲಿಲ್ಲ. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಕೈಗೆ ಇನ್ನೊಂದು ಆಯೋಗ ಕೊಟ್ಟರು, ಎರಡು ವರ್ಷ ಗಡುವು ಅಂದರು, ಗಡುವು ಮುಗಿದಾಗ ಮತ್ತೆ ಬೆಳೆಸಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ನಮ್ಮವರನ್ನು ಹಿಂದುಳಿದ ವರ್ಗದ ಪ್ರವರ್ಗ-1ಕ್ಕೆ ಹಾಕಿದ್ದಾರೆ. ಇಲ್ಲಿ 2022ರಲ್ಲಿ ತಂದ ಮತಾಂತರದ ಕಾಯ್ದೆ ನೋಡಿ. ದೇವರನ್ನು ಬದಲಾಯಿಸುವವನು 30 ದಿನ ಮೊದಲೇ ಜಿಲ್ಲಾ ಅಧಿಕಾರಿಗೆ ಬರೆದುಕೊಡಬೇಕು. ಹೆಚ್ಚಿನ ಶಿಕ್ಷೆ ಇಟ್ಟಿರುವ ಕಲಮಿನಲ್ಲಿ ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಬೇರೆಲ್ಲೂ ನಮ್ಮನ್ನು ಪಂಕ್ತಿಗೆ ಕೂರಿಸದವರು ಇಲ್ಲಿ ಮಾತ್ರ ಕೂರಿಸಿದರು. ನಮಗೆ ಸ್ವಂತ ಬುದ್ಧಿಯಿಂದ ದೇವರನ್ನು ಆರಿಸಿಕೊಳ್ಳೋಕೆ ಬರಲ್ಲ ಅಂತ. ರದ್ದು ಮಾಡುತ್ತೇವೆ ಅಂತ 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ತೀರ್ಮಾನ ಮಾಡಿತು. ತೀರ್ಮಾನವನ್ನು ನಾವೂ ಪತ್ರಿಕೆಯಲ್ಲಿ ಓದಿದೆವು.

ಹಾಗಾದರೆ ಸರ್ಕಾರ ಹೇಳುತ್ತಿರುವುದೇನು? ನಿನ್ನ ಒಡೆಯ ಯಾರು ಅಂತ ನೀನು ಹೇಳು, ನಿನ್ನ ಹೊಟ್ಟೆಗೆ ಎಷ್ಟು ಅಂತ ನಾವು ಹೇಳ್ತೀವಿ. ಸರ್ಟಿಫಿಕೇಟಿನ ಹಾಳೆಯಲ್ಲಿ ಒಂದು ಹೆಸರು, ಎದೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಎಷ್ಟೋ ಮನೆಗಳು ನಮ್ಮ ಕೇರಿಗಳಲ್ಲಿವೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ನಂಬಿಕೆ ಇಟ್ಟುಕೊಂಡು ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು. ಮೋಸ ಯಾರು ಯಾರಿಗೆ ಮಾಡಿದ್ದು ಅನ್ನುವ ಪ್ರಶ್ನೆ ನಮ್ಮ ಹತ್ತಿರ ಇನ್ನೂ ಹಾಗೇ ಇದೆ. ಚರ್ಚಿಗೆ ಹೋಗುವ ಹುಡುಗಿ ಹಾಸ್ಟೆಲ್ ಅರ್ಜಿಯಲ್ಲಿ ಧರ್ಮದ ಕಾಲಂ ಮುಂದೆ ಪೆನ್ನು ಹಿಡಿದು ಕೂತಾಗ, ಅವಳು ಯಾವ ಅಧಿಕಾರದ ಕೆಳಗೆ ಬದುಕುತ್ತಿದ್ದಾಳೆ ಅಂತ ಪುಸ್ತಕ ನೋಡಿ ಹೇಳಬೇಕಿಲ್ಲ.

ಇನ್ನು ಚರ್ಚಿನ ಕಡೆಗೆ ತಿರುಗೋಣ. ಇವರನ್ನೂ ಬಿಡುವ ಹಾಗಿಲ್ಲ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಕಾಗದ ಬರೆದರು. ಜಾತಿಯನ್ನು ಈಗಿಂದೀಗಲೇ ಬಿಡಬೇಕು, ಒಟ್ಟಿಗೆ ಕೂರಬೇಕು, ಪ್ರಭುವಿನ ಭೋಜನಕ್ಕೆ ಒಟ್ಟಿಗೆ ಬರಬೇಕು ಅಂತ. ತಂಜಾವೂರಿನ ವೆಳ್ಳಾಳ ಕ್ರೈಸ್ತರು ಚರ್ಚೇ ಬಿಟ್ಟು ಹೊರಟರು! ದೇವರನ್ನು ಬೇಕಾದರೆ ಬಿಡುತ್ತೇವೆ, ಪರಯನ ಪಕ್ಕ ಕೂರುವುದಿಲ್ಲ. ಇಷ್ಟು ವರ್ಷ ಕಳೆದರೂ ತಿರುಚ್ಚಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದ ನಡುವೆ ಎದ್ದ ಗೋಡೆಯ ಸುದ್ದಿ ನಾವೆಲ್ಲ ಕೇಳಿದ್ದೇವೆ, ಗೋಡೆಯ ಒಂದು ಕಡೆ ದಲಿತರ ಹೆಣ, ಇನ್ನೊಂದು ಕಡೆ ಮಿಕ್ಕವರ ಹೆಣ. ಸತ್ತವರು ಎದ್ದು ಬರುತ್ತಾರೆ ಅಂತ ನಂಬುವ ಧರ್ಮ ಇದು. ಎದ್ದು ಬಂದಾಗ ಯಾವ ಗೇಟಿನಿಂದ ಬರಬೇಕು ಅಂತಲೂ ಹೇಳಿಕೊಟ್ಟಿದ್ದಾರೋ ಏನೋ. ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ 2016ರ ಡಿಸೆಂಬರಿನಲ್ಲಿ ಒಂದು ನೀತಿಪತ್ರ ಹೊರಡಿಸಿ ನಮ್ಮ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಬಾಯಿಬಿಟ್ಟು ಒಪ್ಪಿಕೊಂಡಿತು. ದೇಶದ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ದಲಿತರು ಅಂತ ಅವರದೇ ಲೆಕ್ಕ. ಆದರೂ ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂಥೊನಿ ಪೂಲಾ, ಬರಲು 2022ರ ಆಗಸ್ಟ್ ಆಗಬೇಕಾಯಿತು. ದೇವರ ಅಧಿಕಾರ ಮೇಲಿನಿಂದ ಕೆಳಗೆ ಇಳಿಯುವಾಗ ಯಾವ ಜಾತಿಯ ಕೈಗಳಲ್ಲಿ ಎಷ್ಟು ಹೊತ್ತು ತಂಗುತ್ತೆ ಅನ್ನೋದಕ್ಕೆ ಬೇರೆ ಲೆಕ್ಕ ಬೇಡ. ನಮ್ಮ ಕಡೆಯ ಒಂದು ಊರಿನಲ್ಲಿ ಕೂಲಿ ಹೆಚ್ಚಳಕ್ಕೆ ನಮ್ಮ ಹುಡುಗರು ಕೂತಾಗ ಪಾದ್ರಿಯೊಬ್ಬರು ಬಂದು, ಧಣಿಯನ್ನೂ ದೇವರೇ ಇಟ್ಟಿದ್ದಾನೆ, ಪ್ರಾರ್ಥನೆ ಮಾಡಿ ಅಂದರು. ಹೌದು ಸ್ವಾಮಿ, ಫರೋಹನನ್ನು ಇಟ್ಟವರು ಯಾರು?

ಬಾಬಾಸಾಹೇಬರು ಇದನ್ನು ಬಹಳ ಮೊದಲೇ ಕಂಡಿದ್ದರು. ಅಸ್ಪೃಶ್ಯರು ಕ್ರೈಸ್ತರಾದ ಬಗ್ಗೆ ಬರೆದದ್ದರಲ್ಲಿ ಅವರ ತಕರಾರು ನೇರ. ನಿನ್ನ ಕಷ್ಟಕ್ಕೆ ನಿನ್ನ ಪಾಪ ಕಾರಣ ಅಂತ ಹೇಳಿಕೊಟ್ಟರೆ ಮನುಷ್ಯ ತನ್ನ ಒಳಗನ್ನೇ ತೊಳೆದುಕೊಳ್ಳುತ್ತಾ ಕೂರುತ್ತಾನೆ, ಸಮಾಜವನ್ನು ಬದಲಾಯಿಸಲು ಹೊರಡುವುದಿಲ್ಲ ಅನ್ನೋದು. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದವರು ಎಲ್ಲ ಧರ್ಮಗಳನ್ನೂ ತೂಗಿ ನೋಡಿ 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ತನ್ನ ಮಾತನ್ನೂ ಪರೀಕ್ಷಿಸಿ ಒಪ್ಪಿಕೋ ಅಂದವನ ಕಡೆ, ದಾರಿ ತೋರಿಸಿ ಬಿಡುಗಡೆಯನ್ನು ನಮ್ಮ ಕಾಲಿಗೇ ಬಿಟ್ಟವನ ಕಡೆ. ನಮ್ಮಲ್ಲಿ ಬಹಳ ಮಂದಿಗೆ ಈ ದಾರಿಯೇ ಹೆಚ್ಚು ಸರಿ ಅನ್ನಿಸುತ್ತೆ. ಪ್ರಶ್ನೆ ಕೇಳಬಾರದ ಅಧಿಕಾರ ಎಲ್ಲಿದ್ದರೂ, ಆಕಾಶದಲ್ಲಿದ್ದರೂ, ನಮಗೆ ಮೈ ಜುಮ್ಮೆನ್ನುತ್ತೆ. ನಾವು ಅಷ್ಟು ಅಧಿಕಾರ ನೋಡಿಬಿಟ್ಟಿದ್ದೇವೆ.

ಆದರೆ ಒಳಗಿದ್ದುಕೊಂಡೇ ಪ್ರಶ್ನೆ ಕೇಳಿದ ದಲಿತರೂ ಇದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲಿ. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ದೇವಶಾಸ್ತ್ರದ ಕಡೆಗೆ ಅನ್ನುವ ಭಾಷಣ ಮಾಡಿದರು. ಇಂಡಿಯಾದ ಕ್ರೈಸ್ತ ಪಂಡಿತರು ವೇದಾಂತದ ಜೊತೆ ಸಂವಾದ ಮಾಡಿದ್ದೇ ಮಾಡಿದ್ದು, ತಮ್ಮ ಬೆಂಚಿನ ಮೇಲೆ ಕೂತ ಜನ ಯಾರು ಅಂತ ನೋಡಲೇ ಇಲ್ಲ ಅನ್ನುವುದು ಅವರ ಸಿಟ್ಟು. ದಲಿತ ದೇವಶಾಸ್ತ್ರ ಅನ್ನುವುದು ಅಲ್ಲಿಂದ ಬೆಳೆಯಿತು. ಅವರ ಒಂದು ಮಾತು ನಮ್ಮನ್ನು ಬಿಟ್ಟು ಹೋಗಿಲ್ಲ. ದಲಿತರ ದೇವರು ಸೇವೆ ಮಾಡುವ ದೇವರು; ಅವನು ಬಟ್ಟೆ ಒಗೆಯುವವನು, ಊಟ ಬಡಿಸುವವನು, ಜಲಗಾರ ಅಂತ. ಸೇವೆ ಅಂದರೆ ನಮಗೆ ಕಹಿ ಮಾತು, ಒಪ್ಪುತ್ತೇವೆ. ಶತಮಾನಗಳಿಂದ ಮಾಡಿಸಿಕೊಂಡಿದ್ದಾರೆ. ಆದರೆ ಕೊನೆಯ ರಾತ್ರಿ ಯೇಸು ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಕತೆಯನ್ನು ನಮ್ಮಪ್ಪಂದಿರ ಕಂಕುಳ ಟವೆಲ್ಲಿನ ಪಕ್ಕ ಇಟ್ಟು ನೋಡಿ. ಒಡೆಯ ಅನ್ನಿಸಿಕೊಂಡವನೇ ಬಗ್ಗಿದ್ದಾನೆ. ಪೇತ್ರನಿಗೆ ತಡೆಯೋಕೆ ಆಗಲಿಲ್ಲ, ನನ್ನ ಕಾಲು ನೀವು ಮುಟ್ಟಬೇಡಿ ಅಂದ. ಜಗಲಿ ಮೇಲಿನ ಒಡೆಯ ಹೀಗೆ ಒಂದು ದಿನ ಬಗ್ಗಿದ್ದರೆ ಆಮೇಲೆ ಅವನು ಮತ್ತೆ ಒಡೆಯನಾಗಿ ಉಳೀತಿದ್ದನಾ? ಇಂಥ ದೇವರ ಅಧಿಕಾರದ ಕೆಳಗೆ ಬದುಕುತ್ತೇನೆ ಅನ್ನುವವನು ಇನ್ನೊಬ್ಬನ ಮುಂದೆ ಬಗ್ಗುವುದು ಕಷ್ಟ, ಇನ್ನೊಬ್ಬನನ್ನು ಬಗ್ಗಿಸುವುದು ಇನ್ನೂ ಕಷ್ಟ. ಚರ್ಚುಗಳು ಇದನ್ನು ವರ್ಷಕ್ಕೊಂದು ದಿನ, ಶುಭ ಶುಕ್ರವಾರದ ಹಿಂದಿನ ದಿನ, ಬೇಸಿನ್ನು ಇಟ್ಟು ಆಡಿ ತೋರಿಸುತ್ತವೆ. ಮಿಕ್ಕ ದಿನಗಳ ಬಗ್ಗೆ ನಾವು ಕೇಳುತ್ತಿದ್ದೇವೆ.

ನಮ್ಮ ಸಂಘಟನೆಯ ಗೆಳೆಯರಿಗೂ ಎರಡು ಮಾತು. ಕ್ರೈಸ್ತನಾದವನಿಗೆ ಜಾತಿ ಇಲ್ಲ ಅಂದ ಮೇಲೆ ಮೀಸಲಾತಿ ಯಾಕೆ ಅನ್ನುವ ಪ್ರಶ್ನೆ ನಮ್ಮ ಬಾಯಲ್ಲಿ ಬರಬಾರದು. ಅದು ಊರಿನವರ ಪ್ರಶ್ನೆ. ಜಾತಿಯನ್ನು ಇಟ್ಟುಕೊಂಡಿರುವುದು ಅವನ ದೇವರಲ್ಲ, ಊರು. ಇರುವ ಪಾಲಿನಲ್ಲೇ ಇನ್ನೊಬ್ಬ ಬಂದು ಕೂತರೆ ನಮ್ಮ ಮಕ್ಕಳ ಗತಿ ಏನು ಅನ್ನುವ ಭಯ ನಿಜವಾದದ್ದು, ಅದನ್ನು ನಾವು ಅಣಕ ಮಾಡುವುದಿಲ್ಲ. ಹಾಗಾದರೆ ಪಾಲು ಹೆಚ್ಚಿಸಿ ಅಂತ ಒಟ್ಟಿಗೆ ಕೇಳೋಣ. ನಂಬಿಕೆಯ ಮೇಲೆ ಸರ್ಟಿಫಿಕೇಟು ಕೊಡುವ ಕೆಲಸ ತಹಸೀಲ್ದಾರನದ್ದಾಗಿರುವುದೇ ಅವಮಾನ, ಅದನ್ನು ನಾವೂ ಮಾಡೋದು ಬೇಡ. ಹಾಗೇ ಚರ್ಚಿಗೆ ಹೋಗುವ ಗೆಳೆಯರು, ನಿಮ್ಮ ಪಾದ್ರಿ ರೋಮಿನವರ 13ನೆಯ ಅಧ್ಯಾಯ ಓದಿದ ದಿನ ಎದ್ದು ನಿಂತು ವಿಮೋಚನಕಾಂಡದ 5ನೆಯ ಅಧ್ಯಾಯವನ್ನೂ ಓದಿ ಅಂತ ಕೇಳಿ. ಜೋರಾಗಿ ಕೇಳಿ.

ಬರುವ ತಿಂಗಳ ಸಭೆಗೆ ಒಂದು ಕೆಲಸ ಇಟ್ಟುಕೊಂಡಿದ್ದೇವೆ. ಚರ್ಚು ಇರುವ ಊರುಗಳಿಂದ ಬರುವವರು ನಿಮ್ಮ ಸ್ಮಶಾನವನ್ನು ಒಂದು ಸಲ ಸುತ್ತಿ ನೋಡಿ ಬನ್ನಿ. ಕೇರಿಯವರ ಗುಂಡಿ ಯಾವ ಮೂಲೆಗೆ, ನಡುವೆ ಬೇಲಿಯೋ ಗೋಡೆಯೋ ಏನಾದರೂ ಇದೆಯೋ, ಸಭೆಯ ಕಮಿಟಿಯಲ್ಲಿ ಕೇರಿಯವರು ಎಷ್ಟು ಜನ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಕ್ರೈಸ್ತರಾದ ಮೇಲೆ ಹಾಸ್ಟೆಲ್ಲೋ ಸ್ಕಾಲರ್‌ಶಿಪ್ಪೋ ನಿಂತವರ ಲೆಕ್ಕವನ್ನೂ ತನ್ನಿ, ಹೆಸರು ಬೇಡ, ಎಷ್ಟು ಮನೆ ಅಂತ ಸಾಕು. ಸಭೆಯನ್ನು ಭಾನುವಾರ ಮಧ್ಯಾಹ್ನ 3 ಗಂಟೆಗೆ ಇಟ್ಟಿದ್ದೇವೆ. ಪ್ರಾರ್ಥನೆ ಮುಗಿಸಿ ಉಂಡು ಬರುವವರಿಗೆ ಹೊತ್ತು ಸಾಕಾಗುತ್ತೆ.